ಕರಿಯನ ಬಾಯಿ ಮುಚ್ಚಿಸಿದ್ದು

ಪುಣಜನೂರಿನಲ್ಲಿ ಕರಿಯ ಬೊಗಳಿದರೆ ಯಶೋದಮ್ಮ ಒಂದು ತುತ್ತು ಮುದ್ದೆ ಎಸೆಯುತ್ತಿದ್ದಳು. ಕಾಡಂಚಿನ ಹೊಲದಲ್ಲಿ ಹಂದಿ ಓಡಿಸುವ ನಾಯಿಗೆ ಅದೇ ಸಂಬಳ. ಗಂಡ ಬೀರಯ್ಯನಿಗೆ ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಕಾವಲು ಕೆಲಸ ಸಿಕ್ಕಿ, ಹೆದ್ದಾರಿ ಬದಿಯ ಮಹಡಿ ಮೇಲಿನ ಬಾಡಿಗೆ ಕೋಣೆಗೆ ಬಂದ ಮೇಲೂ ಅವಳ ಕೈ ಆ ಅಭ್ಯಾಸ ಬಿಡಲಿಲ್ಲ.

ಇಲ್ಲಿ ಲಾರಿ ಹಾರ್ನ್ ಹೊಡೆದರೂ ಕರಿಯ ಬೊಗಳುತ್ತಿತ್ತು, ಕೆಳಗಿನ ಮನೆಯವರು ಕೆಮ್ಮಿದರೂ ಬೊಗಳುತ್ತಿತ್ತು. ಬಾಯಿ ಮುಚ್ಚಲಿ ಎಂದು ಇವಳು ಮುದ್ದೆ ಕೊಡುವುದು, ನುಂಗಿದ ಮೇಲೆ ಅದು ಇನ್ನೂ ಜೋರಾಗಿ ಬೊಗಳುವುದು. ಪಾಪ, ಅದರ ತಪ್ಪೇನು? ಕೆಲಸ ಮಾಡುತ್ತಿದ್ದೇನೆ, ಕೂಲಿ ಬರುತ್ತಿದೆ ಎಂದುಕೊಂಡಿತ್ತು.

ಒಂದು ದಿನ ಮನೆ ಒಡತಿ ಭಾಗ್ಯ ಮೆಟ್ಟಿಲು ಹತ್ತಿ ಬಂದಳು. "ಯಶೋದಕ್ಕ, ಈ ತಿಂಗ್ಳು ಮುಗಿಯೋದ್ರೊಳ್ಗೆ ಇದ್ರ ಬಾಯಿ ಮುಚ್ಚುಸ್ಬೇಕು. ಇಲ್ದಿದ್ರೆ ನಾಯಿನಾರ ಬುಡಿ, ಮನೆನಾರ ಬುಡಿ."

ನಾಯಿ ಕಂಡರೆ ಬೇರೆ ಯಾರೂ ಮನೆ ಕೊಡುವುದಿಲ್ಲ. ಊರಿಗೆ ಕಳಿಸೋಣವೆಂದರೆ ಅಲ್ಲಿ ನೋಡಿಕೊಳ್ಳುವವರಿಲ್ಲ. "ಬೇಗೂರು ತಾವ ರೋಡಲ್ಲಿ ಬುಟ್ಬುಟ್ಟು ಬತ್ತೀನಿ ಕಣಮ್ಮಿ" ಎಂದು ಬೀರಯ್ಯ ಅಂದ ದಿನ ಅವಳು ಊಟ ಬಿಟ್ಟಳು.

ಪಶು ಆಸ್ಪತ್ರೆಯ ಮಲ್ಲೇಶ್ ಅವಳ ಕಥೆ ಕೇಳಿ ನಕ್ಕುಬಿಟ್ಟ. "ಬೊಗಳೋದ್ನ ನೀವೇ ಕಲಿಸ್ತಾ ಇದ್ದೀರಲ್ಲಮ್ಮ! ಬೊಗಳ್ದಾಗ ತಿರುಗೂ ನೋಡ್ಬೇಡಿ. ತಾನಾಗೇ ಸುಮ್ನಾದ್ಮೇಲೆ ಕೊಡಿ."

ಅಲ್ಲಿಂದ ಶುರುವಾಯಿತು ಪಾಡು. ಬೀದಿ ಕಾಣದಂತೆ ಕಿಟಕಿಗೆ ಹಳೆ ಸೀರೆ ಕಟ್ಟಿದಳು. ಕರಿಯ ಬೊಗಳಿದಾಗ ಗೋಡೆಗೆ ಮುಖ ಮಾಡಿ ಕೂತಳು. ಅದು ಸೆರಗು ಹಿಡಿದೆಳೆದರೂ ತಿರುಗಲಿಲ್ಲ. ಬೊಗಳಿ ಬೊಗಳಿ ಸೋತು ಸುಮ್ಮನಾದಾಗ ತುತ್ತು ಇಟ್ಟಳು. ಅದನ್ನು ಕೆಣಕಬಾರದೆಂದು ಪಾತ್ರೆಯನ್ನು ಸದ್ದಾಗದಂತೆ ತೊಳೆದಳು, ಗಂಡನ ಜೊತೆ ಪಿಸುಮಾತಿನಲ್ಲೇ ಜಗಳವಾಡಿದಳು. ಗಾಳಿಯಾಡದ ಕೋಣೆ ಸೆಕೆಯಲ್ಲಿ ಬೇಯುತ್ತಿತ್ತು. ಜೈಲಿನಲ್ಲಾದರೂ ಇದಕ್ಕಿಂತ ಜೋರಾಗಿ ಉಸಿರಾಡಬಹುದು ಎನಿಸುತ್ತಿತ್ತು ಅವಳಿಗೆ.

ತಿಂಗಳ ಕೊನೆಗೆ ಭಾಗ್ಯಳೇ ಬಂದು, "ನಾಯಿ ಐತೋ ಇಲ್ವೋ ಅನ್ನಂಗಾಯ್ತಲ್ಲಕ್ಕ! ಇರಿ ಆರಾಮಾಗಿ" ಅಂದಳು. ಯಶೋದಮ್ಮನಿಗೆ ಹೋದ ಜೀವ ಬಂದಂತಾಯಿತು.

ಮಾರನೆಯ ದಿನ ಸಂತೆ ಮುಗಿಸಿ ಬಂದು ಬಾಗಿಲು ತೆಗೆದಳು. ಮೊದಲಾದರೆ ಅವಳ ಹೆಜ್ಜೆ ಕೇಳಿದರೆ ಸಾಕು, ಕರಿಯ ಕುಣಿದು ಬೊಗಳಿ ಬೀದಿಗೆಲ್ಲ ಸಾರುತ್ತಿತ್ತು. ಈಗ ಮೂಲೆಯಲ್ಲಿ ಕೂತು ಅವಳ ಕೈಯನ್ನೇ ನೋಡುತ್ತಿತ್ತು. ಯಶೋದಮ್ಮನಿಗೆ ಅಳು ಒತ್ತರಿಸಿ ಬಂತು. ಚೀಲ ಕೆಳಗಿಟ್ಟು, ಬಾಗಿಲು ಹಾಕಿ, ಅದರ ಕಿವಿಯ ಹತ್ತಿರ ಬಗ್ಗಿದಳು.

"ಒಂದ್ಸಲ ಬೊಗಳ್ಲಾ, ನಾನ್ ಬಂದಿವ್ನಿ" ಅಂದಳು, ಕೆಳಗಿನ ಮನೆಗೆ ಕೇಳಿಸದಂತೆ.