ಪೆನ್ಸಿಲಿನಲ್ಲಿ ಬರೆದ ವಂಶಾವಳಿ

ದುಬೈಯ ಅಲ್ ಬರ್ಷಾದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನವರು ಮಂಗಳೂರು ಕಡೆಯ ಕೊಂಕಣಿಗರು. ಅವರ ಬಾಸ್‌ಗೆ ಕೀನ್ಯಾದಲ್ಲಿ ದೊಡ್ಡ ಫಾರ್ಮ್ ಇತ್ತು; ಮಾಂಸಕ್ಕಾಗಿ ಸಾಕುವ, ಬರಗಾಲಕ್ಕೂ ಜಗ್ಗದ ಬೋರಾನ್ ತಳಿಯ ದನಗಳು. ಅವುಗಳ ವಂಶಾವಳಿಯನ್ನು ಇವರು ಇಲ್ಲಿ ಕೂತು ಬರೆಯುತ್ತಿದ್ದರು. ಖಾತ್ರಿಯಾಗುವವರೆಗೆ ಪೆನ್ಸಿಲಿನಲ್ಲೇ. ಲಿಫ್ಟ್ ತಡವಾದರೂ ವೀಸಾ ತಡವಾದರೂ ಅವರದು ಒಂದೇ ಮಾತು: "ಗಡಿಬಿಡಿ ಬೇಡ ಮಾರಾಯ್ರೆ."

ಒಂದು ಶನಿವಾರ ನಾನು ಚಾಕ್ಕೆ ಹೋದಾಗ ಅವರು ಫೋನಿನಿಂದ ಕಣ್ಣು ತೆಗೆಯಲಿಲ್ಲ. ಫಾರ್ಮಿನಲ್ಲಿ ಒಂದೇ ದಿನ ಹುಟ್ಟಿದ ಎರಡು ಕರುಗಳ ಕಿವಿಯ ಟ್ಯಾಗ್ ಬಿದ್ದುಹೋಗಿತ್ತು. ತಾಯಿ ಯಾರೆಂದು ತಿಳಿಯದಿದ್ದರೆ ಎರಡೂ ವಂಶಾವಳಿಯಿಂದ ಹೊರಗೆ, ನೇರ ಕಸಾಯಿಖಾನೆಗೆ.

"ಬೆಳಿಗ್ಗೆಯಿಂದ ಕರುಗಳನ್ನು ಬೇರೆ ಕಟ್ಟಿಸಿದ್ದೇನೆ. ಹಸಿದಿವೆ. ಈಗ ಬಿಡ್ತಾರೆ."

"ಹಸುಗಳೆಲ್ಲ ಒಂದೇ ಥರ ಉಂಟಲ್ಲ?"

"ನಮಗೆ. ಕರುವಿಗಲ್ಲ."

ವಿಡಿಯೊದಲ್ಲಿ ಗೇಟು ತೆರೆಯಿತು. ಒಂದು ಕರು ಸೀದಾ ಓಡಿ ಕೆಚ್ಚಲಿಗೆ ಬಾಯಿಟ್ಟಿತು. ಇನ್ನೊಂದು ಯಾವುದೋ ಹಸುವಿನ ಬಳಿ ಹೋಗಿ ಒದೆ ತಿಂದಿತು. ಅವರು ಫೋನನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ಹಿಡಿದರು. ಅಷ್ಟರಲ್ಲಿ ದೂರದಿಂದ ಒಂದು ಕೆಂಪು ಹಸು ಕೂಗುತ್ತ ಬಂದು ಆ ಕರುವಿನ ಬೆನ್ನು ನೆಕ್ಕತೊಡಗಿತು.

ಅವರು ಉಸಿರು ಬಿಟ್ಟು ವಂಶಾವಳಿಯ ಪುಸ್ತಕ ಎಳೆದುಕೊಂಡರು.

"ನಿಮ್ಮ ಪೆನ್ನು ಸ್ವಲ್ಪ ಕೊಡಿ," ಎಂದರು.