ಮಾವನ ಕತ್ತಿನ ನೆಟಿಗೆ

"ಕತ್ತರಿ ಹಿಡಿಯೋರ ಮನೇಲಿ ಡಿಗ್ರಿನಾ? ಆಗೋ ಮಾತಾ ಇದು!" ಎಂದವನು ನನ್ನ ಸೋದರಮಾವ. ಚಾಮರಾಜಪೇಟೆಯಲ್ಲಿ ಅವನ ಸಲೂನು. ಅಪ್ಪ ಇಲ್ಲದ ನನ್ನನ್ನು ಸಾಕಿದವನೂ ಅವನೇ ಆದ್ದರಿಂದ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ. ಓದಿ ತೋರಿಸುವುದೊಂದೇ ದಾರಿ. ಹಟ ಹಿಡಿದು ಮಲ್ಲೇಶ್ವರಂನ ಕಾಲೇಜಿನಲ್ಲಿ ಸ್ಕ್ಯಾನಿಂಗ್ ಡಿಗ್ರಿಗೆ ಸೇರಿದೆ.

ಕೊನೆಯ ವರ್ಷ ಕತ್ತಿನ ರಕ್ತನಾಳದ ಪಾಠ ಬಂತು. ಮಿದುಳಿಗೂ ಕಣ್ಣಿಗೂ ರಕ್ತ ಒಯ್ಯುವ ನಾಳ ಅದು. ವಯಸ್ಸಾದವರಲ್ಲಿ ಬೀಡಿ, ಬಿಪಿ, ಸಕ್ಕರೆ ಕಾಯಿಲೆ ಎಲ್ಲ ಸೇರಿ ಅದರೊಳಗೆ ಕೊಬ್ಬು ಪಾಚಿಯ ಹಾಗೆ ಕಟ್ಟಿಕೊಳ್ಳುತ್ತದೆ. ಸಿಗರೇಟು ಸೇದುವ ಹುಡುಗರಲ್ಲೂ ಅದು ಬೇಗ ಶುರುವಾಗಬಹುದು. ಹರೆಯದವರಿಗೆ ಇನ್ನೊಂದು ಅಪಾಯವೂ ಇದೆ: ಕತ್ತನ್ನು ಜೋರಾಗಿ ತಿರುಚಿದರೆ ನಾಳದ ಒಳಪದರವೇ ಹರಿಯಬಹುದು. ಅದನ್ನು ಕೇಳಿ ಕೂತಲ್ಲೇ ಬೆಚ್ಚಿದೆ. ಶೇವಿಂಗ್ ಮುಗಿದ ಮೇಲೆ ಗಿರಾಕಿಯ ಗದ್ದ ಹಿಡಿದು ಲಟಕ್ಕನೆ ನೆಟಿಗೆ ತೆಗೆಯುವುದರಲ್ಲಿ ಮಾವ ಇಡೀ ಪೇಟೆಗೇ ಹೆಸರುವಾಸಿ!

ಆ ಸಂಜೆಯೇ ಸಲೂನಿಗೆ ಹೋಗಿ ಹೇಳಿದೆ. ಗಿರಾಕಿಯೊಬ್ಬರ ಕೆನ್ನೆಗೆ ನೊರೆ ಹಚ್ಚುತ್ತಿದ್ದ ಮಾವ ನಕ್ಕ. "ಇಷ್ಟ್ ವರ್ಷದಿಂದ ತೆಗೀತಿದೀನಿ ಪುಟ್ಟಿ, ಯಾರ್ ತಲೇನೂ ಕೈಗೆ ಬಂದಿಲ್ಲ. ನಂಗೇ ನೋಡು, ಬೆಳಿಗ್ಗೆ ಒಂದ್ ಕಣ್ಣಿಗೆ ಶಟರ್ ಎಳ್ದಂಗಾಯ್ತು. ಸ್ವಲ್ಪ ಹೊತ್ತಿಗೆ ಸರಿಹೋಯ್ತು. ಪೊರೆ ಇರ್ಬೇಕು."

ಮಾವನೋ, ಬಿಪಿ ಮಾತ್ರೆ ಮರೆಯುವ, ಬೀಡಿ ಮರೆಯದ ಮನುಷ್ಯ. ಅದು ಪೊರೆಯಲ್ಲ, ಲಕ್ವ ಹೊಡೆಯುವ ಮುಂಚಿನ ಎಚ್ಚರಿಕೆ!

"ಏಳು ಮಾವ, ಆಸ್ಪತ್ರೆಗೆ."

"ಇವ್ರಿಗೆ ಅರ್ಧ ಶೇವಿಂಗ್ ಆಗಿದೆ ಕಣೇ!"

"ಅರ್ಧದಲ್ಲೇ ಇರ್ಲಿ."

ನೊರೆ ಮೆತ್ತಿದ ಮುಖದಲ್ಲೇ ಆ ಗಿರಾಕಿ ರಸ್ತೆಗಿಳಿದು ಆಟೋ ಕೂಗಿದರು.

ಸ್ಕ್ಯಾನಿನಲ್ಲಿ ಕತ್ತಿನ ಎಡಗಡೆಯ ನಾಳ ಮುಕ್ಕಾಲು ಪಾಲು ಮುಚ್ಚಿಹೋಗಿತ್ತು. ಆ ವಾರವೇ ಆಪರೇಷನ್ ಆಯಿತು. ಲಕ್ವ ಬರಲಿಲ್ಲ. ಬರಲೇ ಇಲ್ಲ!

ಘಟಿಕೋತ್ಸವ ಮುಗಿದದ್ದೇ ಸರ್ಟಿಫಿಕೇಟ್ ಎದೆಗವಚಿಕೊಂಡು ಮೆಟ್ರೋ ಹತ್ತಿ, ಮಾರ್ಕೆಟ್ಟಿನಲ್ಲಿ ಇಳಿದು ಸಲೂನಿಗೆ ಓಡಿದೆ. ಮಾವ ಟವೆಲಿಗೆ ಕೈ ಒರೆಸಿಕೊಂಡು ಅದನ್ನು ಎರಡೂ ಕೈಯಲ್ಲಿ ಈಸಿಕೊಂಡ. ಕುರ್ಚಿಯಲ್ಲಿದ್ದ ಕಾಲೇಜು ಹುಡುಗ ಗದ್ದ ಎತ್ತಿದ: "ಅಣ್ಣಾ, ಒಂದ್ ನೆಟಿಗೆ ತೆಗ್ದ್ಬಿಡಿ."

ಮಾವ ಸರ್ಟಿಫಿಕೇಟನ್ನು ಅವನ ಮುಖದ ಮುಂದೆ ಹಿಡಿದ.

"ಆಗಲ್ಲ ಮಗಾ. ನಮ್ಮನೆ ಹುಡ್ಗಿ ಡಿಗ್ರಿ ಮಾಡವ್ಳೆ. ಈ ಅಂಗಡೀಲಿ ಇನ್ ಯಾರ್ ಕತ್ತೂ ತಿರುಚಂಗಿಲ್ಲ."