ಗೋಡೆಯಷ್ಟು ದೊಡ್ಡ ಚಿತ್ರ

ಹೊಸದುರ್ಗದ ಪೇಟೆಯಲ್ಲಿ ಇವತ್ತಿಗೂ ಕೆಲವು ಅಂಗಡಿಗಳ ಮೇಲೆ ಬಣ್ಣದಲ್ಲಿ ಬರೆದ ಬೋರ್ಡುಗಳಿವೆ. ಅಕ್ಷರ ಹೊಟ್ಟೆ ತುಂಬ ಉಂಡವರ ಹಾಗೆ ದುಂಡಗಿದ್ದರೆ ಅದು ಪಂಚಾಕ್ಷರಪ್ಪನ ಕೈ, ಯಾರನ್ನೂ ಕೇಳಬೇಕಾಗಿಲ್ಲ. ಕೆಳಗಿನ ಮೂಲೆಯಲ್ಲಿ ಸಣ್ಣಗೆ ‘ಪಂಚು ಆರ್ಟ್ಸ್’ ಎಂದೂ ಇರುತ್ತದೆ. ಆ ಎರಡು ಪದ ಬರೆಯದೆ ಅವನು ಯಾವ ಗೋಡೆಯನ್ನೂ ಬಿಟ್ಟು ಬಂದವನಲ್ಲ.

ಫ್ಲೆಕ್ಸ್ ಬಂದಾಗ ಅವನ ಜೊತೆಯ ಪೇಂಟರುಗಳೆಲ್ಲ ಅದನ್ನು ಬೈಯುತ್ತ ಕೂತರು. ಇವನೂ ಬೈದ, ಆದರೆ ಬೈಯುತ್ತಲೇ ಶಾಲೆ, ಅಂಗನವಾಡಿ ಎಂದು ಗೋಡೆಯ ಕೆಲಸ ಹುಡುಕಿಕೊಂಡ. ಎರಡು ವರ್ಷದ ಹಿಂದೆ ಹಿರೇಗುಂಟನೂರಿನಲ್ಲಿ ಏಣಿಯಿಂದ ಜಾರಿ ಬಿದ್ದು ಬಲಭುಜ ಕೆಟ್ಟಿತು. ಈಗ ಆ ಕೈ ಎದೆಯ ಮಟ್ಟಕ್ಕೆ ಏಳುತ್ತದೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಬೇರೆಯವರಾಗಿದ್ದರೆ ಜಗಲಿ ಹಿಡಿದು ಕೂರುತ್ತಿದ್ದರು. ಇವನು ಮುಚ್ಚಿಹೋದ ಬ್ರೌಸಿಂಗ್ ಸೆಂಟರಿನಿಂದ ಒಂದು ಹಳೇ ಕಂಪ್ಯೂಟರ್ ತಂದು, ಮಕ್ಕಳು ಗೀಚುವ ಡ್ರಾಯಿಂಗ್ ಪ್ರೋಗ್ರಾಮಿನಲ್ಲಿ ಗೆರೆ ಎಳೆಯುವುದನ್ನು ಅರವತ್ತು ದಾಟಿದ ಮೇಲೆ ಕಲಿತ. ಮೌಸ್ ಹಿಡಿಯಲು ಭುಜ ಎತ್ತಬೇಕಾಗಿಲ್ಲವಲ್ಲ.

ಹೋದ ಡಿಸೆಂಬರಿನಲ್ಲಿ ಯಲ್ಲದಕೆರೆ ಕಡೆಯ ಶಾಲೆಯೊಂದರ ಹೆಡ್‌ಮೇಡಂ ಅನುಸೂಯ ಅವನನ್ನು ಹುಡುಕಿಕೊಂಡು ಬಂದರು. ಶಾಲೆಯ ಉದ್ದನೆಯ ಗೋಡೆಗೆ ಕೆರೆಯ ಚಿತ್ರವೊಂದು ಬೇಕಿತ್ತು. ಇವನು ಚಿತ್ರ ಬರೆದುಕೊಟ್ಟರೆ ಸಾಕು, ಗೋಡೆಗೆ ಇಳಿಸುವುದನ್ನು ಮೇಷ್ಟ್ರುಗಳು ನೋಡಿಕೊಳ್ಳುತ್ತಾರೆ ಎಂದರು. ವಾರ್ಷಿಕೋತ್ಸವ ಹತ್ತಿರವಿದ್ದುದರಿಂದ, ಸೋಮವಾರದೊಳಗೆ ಚಿತ್ರ ಸಿಗದಿದ್ದರೆ ಫ್ಲೆಕ್ಸ್ ಕಟ್ಟಿಸುವುದಾಗಿಯೂ ಸಂಕೋಚದಿಂದ ಹೇಳಿದರು. ಆ ಮಾತು ಅವನ ಎದೆಗೆ ನಾಟಿತು. ಈ ಗೋಡೆಯೂ ಫ್ಲೆಕ್ಸಿನ ಪಾಲಾದರೆ ತಾನು ಪೇಂಟರ್ ಅಲ್ಲ, ಒಂದು ಕಾಲಕ್ಕೆ ಪೇಂಟರ್ ಆಗಿದ್ದವನು ಅಷ್ಟೇ.

ಅವತ್ತೇ ಕೂತ. ಕೆರೆ ಏರಿ, ತೆಂಗಿನ ಸಾಲು, ಕೊಕ್ಕರೆಗಳು, ಎಮ್ಮೆಯ ಬೆನ್ನೇರಿದ ಹುಡುಗಿ. ಸೊಗಸಾಗಿಯೇ ಬಂತು. ಸೇವ್ ಮಾಡಲು ಹೋದರೆ ‘ಮೆಮೊರಿ ಸಾಲದು’ ಎಂಬ ಪೆಟ್ಟಿಗೆಯೊಂದು ಪರದೆಯ ನಡುವೆ ಬಂದು ಕೂತಿತು. ಪ್ರೋಗ್ರಾಂ ಮುಚ್ಚಿಕೊಂಡಿತು, ಕೆರೆಯೂ ಹೋಯಿತು, ಎಮ್ಮೆಯೂ ಹೋಯಿತು. ಮಾರನೇ ದಿನ ಹಲ್ಲು ಕಚ್ಚಿ ಮತ್ತೆ ಬರೆದ. ಮತ್ತೆ ಅದೇ ಗತಿ.

ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಪ್ರದೀಪನನ್ನು ಕರೆಸಿದ. ಪ್ರದೀಪ್ ಉಳಿದ ಪ್ರೋಗ್ರಾಂಗಳನ್ನೆಲ್ಲ ಮುಚ್ಚಿ ನೋಡಿದ, ಹಳೇ ಫೈಲುಗಳನ್ನು ಅಳಿಸಿದ, ಆಫ್ ಮಾಡಿ ಆನ್ ಮಾಡಿದ. ಅಂಗಡಿಯಿಂದ ಇನ್ನೊಂದು ರ‍್ಯಾಮ್ ತಂದು ಸಿಕ್ಕಿಸಿ ಮೆಮೊರಿಯನ್ನೇ ಹೆಚ್ಚಿಸಿದ. ಏನು ಮಾಡಿದರೂ ಹಾಳು ಪೆಟ್ಟಿಗೆ ಬರುವುದು ತಪ್ಪಲಿಲ್ಲ. ಕೊನೆಗೆ, ಚಿತ್ರದ ಅಳತೆ ಎಷ್ಟಿಟ್ಟಿದ್ದೀರಿ ಎಂದು ಕೇಳಿದ. ಗೋಡೆ ಎಷ್ಟಿದೆಯೋ ಅಷ್ಟೇ, ಒಂದು ಇಂಚೂ ಕಮ್ಮಿಯಿಲ್ಲ ಎಂದು ಪಂಚಾಕ್ಷರಪ್ಪ ಹೆಮ್ಮೆಯಿಂದಲೇ ಹೇಳಿದ.

“ಪಂಚಣ್ಣ, ನೀವು ಬಿಳೀದು ಅಂತ ಬಿಟ್ಟ ಜಾಗನೂ ಇದು ಚುಕ್ಕಿ ಚುಕ್ಕಿ ನೆನಪಿಟ್ಕಬೇಕು. ಇಡೀ ಗೋಡೆ ತಂದು ಇದರ ತಲೆ ಮೇಲೆ ಇಟ್ಟಿದೀರಲ್ರಿ.”

ಪಂಚಾಕ್ಷರಪ್ಪ ಭುಜ ನೋಯುವಷ್ಟು ನಕ್ಕ. ಜೀವಮಾನವಿಡೀ ಅವನು ಅಂಗೈಯಗಲದ ಕಾಗದದಲ್ಲಿ ಚಿತ್ರ ಬರೆದು, ಅದರ ಮೇಲೆ ಚೌಕ ಎಳೆದು, ಗೋಡೆಯ ಮೇಲೆ ಸೀಮೆಸುಣ್ಣದಿಂದ ಅಷ್ಟೇ ಚೌಕಗಳನ್ನು ದೊಡ್ಡದಾಗಿ ಎಳೆದು, ಒಂದೊಂದನ್ನೇ ನೋಡಿ ಇಳಿಸಿದವನು. ಕಂಪ್ಯೂಟರ್ ಎಂದರೆ ದೊಡ್ಡ ಸಂಗತಿ, ಅದಕ್ಕೆ ಎಲ್ಲವನ್ನೂ ಪೂರ್ತಿ ಅಳತೆಯಲ್ಲೇ ಕೊಡಬೇಕು ಎಂಬ ಭಯಭಕ್ತಿಯಲ್ಲಿ ತನ್ನ ಕಸುಬನ್ನೇ ಮರೆತಿದ್ದ.

“ಅಂಗೈಯಗಲ ಮಾಡು ಪ್ರದೀಪ,” ಎಂದ. “ಅದನ್ನ ಗೋಡೆ ಮಾಡೋದು ನಂಗೆ ಗೊತ್ತೈತೆ.”

ಮೂರನೇ ಸಲ ಬರೆದ ಚಿತ್ರ ತಕರಾರಿಲ್ಲದೆ ಸೇವ್ ಆಯಿತು. ಚೌಕ ಎಳೆದ ಪ್ರಿಂಟನ್ನು ಹಿಡಿದು ಸೋಮವಾರ ಅವನೇ ಶಾಲೆಯ ಮುಂದೆ ಬಸ್ಸಿಳಿದ. ಮೇಷ್ಟ್ರುಗಳು ಏಣಿ ಹತ್ತಿದರು. ಇವನು ಕೆಳಗೆ ನಿಂತು ಯಾವ ಚೌಕದಲ್ಲಿ ಕೊಕ್ಕರೆಯ ಕತ್ತು, ಯಾವುದರಲ್ಲಿ ಬರೀ ಆಕಾಶ ಎಂದು ಹೇಳಿಕೊಟ್ಟ. ಎಮ್ಮೆಯ ಒಂದು ಕೊಂಬು ಸೊಟ್ಟಗಾಯಿತು. ನೆಟ್ಟಗಿನ ಕೊಂಬಿನ ಎಮ್ಮೆಯನ್ನು ಯಾರು ಕಂಡಿದ್ದಾರೆ ಎಂದು ಅದನ್ನು ಹಾಗೇ ಇರಲು ಬಿಟ್ಟ.

ಕೆಳಗಿನ ಸಾಲಿನ ಚೌಕಗಳಲ್ಲಿ ಬರೀ ನೀರಿತ್ತು. ಆ ಸಾಲು ಅವನ ಎದೆಗಿಂತ ಕೆಳಗೆ. ಯಾರನ್ನೂ ಕೇಳದೆ ಬ್ರಷ್ ತೆಗೆದುಕೊಂಡು, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಕೆರೆಯನ್ನು ಅವನೊಬ್ಬನೇ ತುಂಬಿಸಿದ. ನೋಡುತ್ತ ನಿಂತಿದ್ದ ಅನುಸೂಯ ಮೇಡಂ ಒಳಗಿನಿಂದ ಒಂದು ಕುರ್ಚಿ ತಂದಿಟ್ಟರು.

“ಸಾಕು ಬಿಡ್ರಿ, ಕುಂತ್ಕಳ್ರಿ. ಕೈ ನೋಯ್ತೈತೆ,” ಎಂದರು.

“ಎರಡು ಪದ ಬಾಕಿ ಅವೆ ಮೇಡಂ,” ಎಂದ ಪಂಚಾಕ್ಷರಪ್ಪ. ಸಣ್ಣ ಬ್ರಷ್ ಹುಡುಕಿಕೊಂಡು, ಗೋಡೆಯ ಕೆಳಗಿನ ಮೂಲೆಯಲ್ಲಿ ಮಂಡಿಯೂರಿ ಕೂತ.